ಕೊಬ್ಬರಿಯೋ ಕೊಬ್ಬೋ

"ಗುರುಗಳೇ, ನನ್ನದು ಹೆಮ್ಮೆಯೋ ಕೊಬ್ಬೋ, ನನಗೆ ತಿಳಿಯುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಮಠದಲ್ಲಿ ಅವನಷ್ಟು ಚೆನ್ನಾಗಿ ಹಾಡುವವರು ಇನ್ನೊಬ್ಬರಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಶ್ರುತಿ ತಪ್ಪಿತು ಎಂದು ಗೆಳೆಯನೊಬ್ಬ ಹೇಳಿದ್ದಕ್ಕೆ ಅವನೊಂದಿಗೆ ಮಾತು ಬಿಟ್ಟಿದ್ದ. "ನಿನಗೆ ಕೊಬ್ಬು" ಎಂದು ಉಳಿದವರು ಅಂದಿದ್ದರು. ಆ ಗೆಳೆಯನೂ ಅಲ್ಲೇ ಕಂಬದ ಪಕ್ಕ ಕೂತಿದ್ದ.

ಗುರುಗಳು ನಕ್ಕು ಕತೆ ಹೇಳಿದರು.

ಕರಾವಳಿಯ ಒಬ್ಬ ಗಾಣಿಗ ಘಟ್ಟ ಹತ್ತಿ ಬಯಲುಸೀಮೆಯ ಒಂದು ಊರಿಗೆ ಬಂದು ನೆಲೆಸಿದ. ಅದು ಕುಸುಬೆ ಎಣ್ಣೆಯ ಊರು. ಅಡುಗೆಗೂ ಅದೇ, ದೀಪಕ್ಕೂ ಅದೇ, ತಲೆಗೂ ಅದೇ. ಗಾಣಿಗ ತನ್ನ ಕಡೆಯಿಂದ ಕೊಬ್ಬರಿ ತರಿಸಿ, ಗಾಣ ಹೂಡಿ, ಎಣ್ಣೆ ತೆಗೆದ. ಬೇಸಿಗೆ ಕಳೆಯುವುದರೊಳಗೆ ಊರಿಗೆ ಊರೇ ಅವನ ಎಣ್ಣೆಗೆ ಮರುಳಾಯಿತು. ಹೆಣ್ಣುಮಕ್ಕಳ ಜಡೆ ಮಿಂಚಿತು. ಗರಡಿಯ ಹುಡುಗರು ಮೈಗೆಲ್ಲ ತಿಕ್ಕಿಕೊಂಡರು. ಬರಿಗಾಲಲ್ಲಿ ದುಡಿಯುವವರ ಹಿಮ್ಮಡಿಯ ಬಿರುಕು ಮೆತ್ತಗಾಯಿತು. ಹಸುಗೂಸುಗಳಿಗೆ ಎಣ್ಣೆ ನೀರು ಹಾಕುವ ಅಜ್ಜಿಯರು ಬೇರೆ ಎಣ್ಣೆ ಮುಟ್ಟುವುದನ್ನೇ ಬಿಟ್ಟರು.

ಗಾಣಿಗನಿಗೆ ಹೆಮ್ಮೆಯೋ ಹೆಮ್ಮೆ. ಬೀದಿಯಲ್ಲಿ ಯಾರ ತಲೆ ಮಿರಿಮಿರಿ ಮಿಂಚಿದರೂ ಅದು ತನ್ನದೇ ತಲೆ ಎಂಬಂತೆ ನೋಡುತ್ತಿದ್ದ. ಒಂದೊಂದು ಕೊಬ್ಬರಿ ಬಟ್ಟಲನ್ನೂ ಮುರಿದು ಮೂಸುತ್ತಿದ್ದ. ಕಮಟು ವಾಸನೆ ಬಂದರೆ ಆಚೆಗೆ ಎಸೆಯುತ್ತಿದ್ದ. ಅಂಥವನು ಹೆಮ್ಮೆಪಟ್ಟರೆ ತಪ್ಪೇನು? ನಾನಾದರೂ ಪಡುತ್ತಿದ್ದೆ.

ಚಳಿಗಾಲ ಬಂತು. ಒಂದು ಬೆಳಿಗ್ಗೆ ಮನೆಮನೆಯ ಮಡಕೆಯಲ್ಲೂ ಕೊಬ್ಬರಿ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿ ಕೂತಿತ್ತು. ಆ ಊರಿನವರು ಎಣ್ಣೆ ಗಟ್ಟಿಯಾದದ್ದನ್ನು ಕಂಡವರಲ್ಲ. ಕುಸುಬೆ ಎಣ್ಣೆ ಎಂಥ ಚಳಿಗೂ ಹರಿಯುತ್ತದೆ. ಅವರು ಬಲ್ಲಂತೆ ಚಳಿಗೆ ಗಟ್ಟಿಯಾಗುವುದು ತುಪ್ಪ, ಇಲ್ಲವೇ ಪ್ರಾಣಿಯ ಕೊಬ್ಬು. ಎಣ್ಣೆಗೆ ತುಪ್ಪ ಬೆರೆಸುವಷ್ಟು ಧಾರಾಳಿ ಯಾರೂ ಇರಲಾರ ಎಂದು ಯೋಚಿಸಿ, ಉಳಿದದ್ದನ್ನೇ ನಿಜವೆಂದು ನಂಬಿದರು.

ಒಬ್ಬ ವ್ಯಾಪಾರಿ ಮಡಕೆ ಹೊತ್ತು ತಂದು ಗಾಣದ ಮುಂದೆ ಎಲ್ಲರೆದುರು ಬೋರಲು ಹಿಡಿದ. ಒಂದು ತೊಟ್ಟೂ ಬೀಳಲಿಲ್ಲ. "ಎಣ್ಣಿ ಅಂದ್ರ ಸುರೀಬೇಕು. ಇದು ಕೊಬ್ಬು. ನಮ್ಮ ಕೂಸುಗಳ ಮೈಗೆ ಕೊಬ್ಬು ಹಚ್ಚಿಸಿದಿ!" ಎಂದ.

ಒಂದು ಗಳಿಗೆ ಬಿಸಿಲಿಗಿಟ್ಟು ನೋಡಿ ಎಂದಿದ್ದರೆ ಸಾಕಿತ್ತು. ಆದರೆ ಗಾಣಿಗನ ಮೈ ಉರಿದುಹೋಗಿತ್ತು. ಇಷ್ಟು ದಿನ ತಲೆಗೆ ಹಚ್ಚಿಕೊಂಡವರಿಗೆ ತಾನೀಗ ಸಾಕ್ಷಿ ಹೇಳಬೇಕೇ ಎಂದುಕೊಂಡ. "ಬೇಕಾದವರು ನಂಬಿ ಕೊಂಡುಹೋಗಿ. ನಂಬದವರು ನನ್ನ ಹೊಸ್ತಿಲು ತುಳಿಯುವುದು ಬೇಡ" ಎಂದು ಬಾಗಿಲು ಹಾಕಿಕೊಂಡ.

ಎಣ್ಣೆಯಲ್ಲೂ ಕೊಬ್ಬು, ಮನುಷ್ಯನಲ್ಲೂ ಕೊಬ್ಬು ಎಂದು ಊರು ಆಡಿಕೊಂಡಿತು. ಅಮಾವಾಸ್ಯೆಯೊಳಗೆ ಗಾಣ ಕಿತ್ತುಕೊಂಡು ಹೋಗು ಎಂದು ಹಿರಿಯರು ಹೇಳಿ ಕಳಿಸಿದರು. ಆಗಲೂ ಗಾಣಿಗನ ಹಟ ಇಳಿಯಲಿಲ್ಲ. ಬಾಗಿಲು ತೆರೆದು ವಿವರಿಸುವುದಕ್ಕಿಂತ ಊರು ಬಿಡುವುದೇ ಮೇಲೆಂದು ಗಾಣ ಬಿಚ್ಚತೊಡಗಿದ. ಬಿಚ್ಚುವಾಗ ಕಣ್ಣಲ್ಲಿ ನೀರು ಬಂತು. ನೋಡಲು ಯಾರೂ ಇಲ್ಲದಿದ್ದರೂ ಬೇಗ ಒರೆಸಿಕೊಂಡ.

ಯಾರೋ ಬಾಗಿಲು ಬಡಿದರು. ತೆರೆದು ನೋಡಿದರೆ ಆ ವ್ಯಾಪಾರಿಯ ತಾಯಿ, ಸೆರಗಿನಲ್ಲಿ ಮೊಮ್ಮಗು. ಚಳಿಗೆ ಕೂಸಿನ ಕೆನ್ನೆ ಒಡೆದು ರಕ್ತ ಜಿನುಗುತ್ತಿತ್ತು. ಅತ್ತರೆ ಉರಿ, ಉರಿದರೆ ಮತ್ತೆ ಅಳು.

"ನನ್ನ ಎಣ್ಣೆಯಲ್ಲಿ ಕೊಬ್ಬುಂಟಂತಲ್ಲ ಅಮ್ಮ, ನಿಮ್ಮ ಮಗನೇ ಹೇಳಿದ್ದು" ಎಂದ ಗಾಣಿಗ.

"ಐತೋ ಇಲ್ಲೋ ನನಗ ಗೊತ್ತಿಲ್ಲಪ್ಪಾ" ಎಂದಳು ಮುದುಕಿ. "ನಿನ್ನ ಎಣ್ಣಿ ಹಚ್ಚಿದ ದಿನ ಕೂಸು ಹಾಯಾಗಿ ಮಲಗತಿತ್ತು. ಅಷ್ಟು ನಾ ನೋಡೀನಿ."

ಗಾಣಿಗ ಇನ್ನೊಂದು ಮಾತು ಸಿದ್ಧಮಾಡಿಟ್ಟುಕೊಂಡಿದ್ದ, ಖಾರವಾದದ್ದು. ಅಷ್ಟರಲ್ಲಿ ಕೂಸು ಅತ್ತಿತು. ಆ ಮಾತು ಎಲ್ಲಿ ಹೋಯಿತೋ ಅವನಿಗೇ ತಿಳಿಯಲಿಲ್ಲ. ಒಳಗೆ ಹೋಗಿ ಮಡಕೆಯಿಂದ ಒಂದು ಬಿಳಿಯ ಗಡ್ಡೆ ಕೆರೆದು ಅಂಗೈಯಲ್ಲಿ ಹಿಡಿದು ತಂದ. ಕೂಸಿನ ಬಳಿ ಬರುವುದರೊಳಗೆ ಅದು ಕರಗಿ, ತಿಳಿಯಾಗಿ, ಬೆರಳ ಸಂದಿಯಿಂದ ತೊಟ್ಟಿಕ್ಕಿತು. ಅದನ್ನೇ ಮೆಲ್ಲಗೆ ಕೂಸಿನ ಕೆನ್ನೆಗೆ ಸವರಿದ.

ಮುದುಕಿ ಅವನ ಕೈಯನ್ನೇ ನೋಡುತ್ತಿದ್ದಳು. ಅವಳ ಮನೆಯೆದುರು ಚಪ್ಪಲಿ ಹೊಲಿಯುವವನೊಬ್ಬ ಕೂರುತ್ತಿದ್ದ. ಚರ್ಮಕ್ಕೆ ತಿಕ್ಕುವ ಕೊಬ್ಬಿನ ಮುದ್ದೆ ಅವನ ಕೈಯಲ್ಲಿ ದಿನವಿಡೀ ಮುದ್ದೆಯಾಗಿಯೇ ಇರುವುದನ್ನು ಅವಳು ಕಂಡಿದ್ದಳು. "ಆ ಮಡಿಕಿ ಇಲ್ಲಿ ಕೊಡು" ಎಂದಳು. ಸೊಂಟದಲ್ಲಿ ಕೂಸು, ಕೈಯಲ್ಲಿ ಮಡಕೆ ಹಿಡಿದು ಪೇಟೆಗೆ ನಡೆದು, ಸಿಕ್ಕವರ ಅಂಗೈಗೆಲ್ಲ ಒಂದೊಂದು ಚೂರು ಇಟ್ಟಳು. ಕೊನೆಗೆ ಮಗನ ಅಂಗೈಗೂ ಇಟ್ಟಳು. ಅವನು ಒದ್ದೆಯಾದ ತನ್ನ ಕೈ ನೋಡುತ್ತ ನಿಂತ.

ಗಾಣವನ್ನು ಮತ್ತೆ ಹೂಡಲು ಊರಿನವರೇ ಬಂದರು. ಮರ ಎತ್ತಲು ಮೊದಲು ಹೆಗಲು ಕೊಟ್ಟವನು ಆ ವ್ಯಾಪಾರಿ. ಗಾಣಿಗನ ಹೆಮ್ಮೆ ಕಡಿಮೆಯಾಯಿತು ಎಂದುಕೊಳ್ಳಬೇಡ, ಹೆಚ್ಚೇ ಆಯಿತು. ಆಮೇಲಿನ ಚಳಿಗಾಲಗಳಲ್ಲಿ ಮಡಕೆಯನ್ನು ತಾನೇ ಬೋರಲು ಹಿಡಿದು, "ಬೀಳುತ್ತದೋ ನೋಡಿ!" ಎಂದು ಮೀಸೆ ತಿರುವುತ್ತಿದ್ದ. ಆದರೆ ಬಂದವರ ಕೈ ಚಾಚಿಸಿ ಒಂದು ಚೂರು ಇಡದೆ ಯಾರನ್ನೂ ಕಳಿಸುತ್ತಿರಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯ, "ಹಾಗಾದರೆ ಹೆಮ್ಮೆಗೂ ಕೊಬ್ಬಿಗೂ ಗುರುತೇನು, ಗುರುಗಳೇ?" ಎಂದ.

ಗುರುಗಳು ಕಂಬದ ಪಕ್ಕ ಕೂತಿದ್ದ ಗೆಳೆಯನತ್ತ ಒಮ್ಮೆ ನೋಡಿದರು.

"ಚಳಿಗೆ ಎರಡೂ ಗಟ್ಟಿಯಾಗುತ್ತವೆ; ಅಂಗೈಯಲ್ಲಿ ಕರಗುವುದು ಒಂದೇ."

ಶಿಷ್ಯ ಎದ್ದು ಹೋಗಿ ಕಂಬದ ಪಕ್ಕ ಗೆಳೆಯನ ಬಳಿ ಕೂತ.