ಶ್ರೀ, ಸೊನ್ನೆ, ಹನ್ನೆರಡು

“ಗುರುಗಳೇ, ಈ ಆಶ್ರಮಕ್ಕೆ ಬಂದು ಆರು ವರ್ಷವಾಯಿತು. ಇಷ್ಟು ಜನರ ನಡುವೆ ನನ್ನವರು ಅಂತ ಒಬ್ಬರೂ ಇಲ್ಲ. ನಾನು ಮಾಡಿದ ತಪ್ಪಾದರೂ ಏನು?” ಎಂದು ಶಿಷ್ಯ ಕೇಳಿದ.

ಗುರುಗಳು ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ. ಶಿಷ್ಯ ತನ್ನ ಪರವಾಗಿ ತಾನೇ ವಾದಿಸಿದ. ತಾನು ಯಾರೊಂದಿಗೂ ಜಗಳವಾಡಿದವನಲ್ಲ, ಯಾರ ಮೇಲೂ ಚಾಡಿ ಹೇಳಿದವನಲ್ಲ. ಬೆಳಗಿನ ಪ್ರಾರ್ಥನೆಗೆ ಒಂದು ದಿನವೂ ತನಗಿಂತ ಮೊದಲು ಇನ್ನೊಬ್ಬರು ಬಂದದ್ದಿಲ್ಲ. ಬಾಗಿಲು ಹಾಕಿದ ಮೇಲೆ ಬಂದವರು ಪ್ರಾರ್ಥನೆ ಮುಗಿಯುವ ತನಕ ಹೊರಗೆ ನಿಲ್ಲಬೇಕು. ಕೊಟ್ಟಿಗೆ ಕೆಲಸದವನು ಯಾರೋ ಒಬ್ಬ ದಿನಾ ನಿಲ್ಲುತ್ತಾನೆ. ತಾನು ಒಮ್ಮೆಯೂ ನಿಂತಿಲ್ಲ. ಆದರೂ ಊಟದ ಪಂಕ್ತಿಯಲ್ಲಿ ತನ್ನ ಪಕ್ಕದ ಎಲೆಗೆ ಜನ ಬರುವುದು ಬೇರೆ ಎಲೆಗಳೆಲ್ಲ ತುಂಬಿದ ಮೇಲೆಯೇ.

ಗುರುಗಳು ಬುಟ್ಟಿಯನ್ನು ಅವನ ಕಡೆಗೆ ಸರಿಸಿದರು. ಕೈ ಸುಮ್ಮನಿರಬಾರದು, ನಾಲ್ಕು ಕಾಯಿ ಸುಲಿ ಎಂದರು. ಆಮೇಲೆ ಈ ಕತೆ ಹೇಳಿದರು.

ಹಿಂದೆ ಒಂದೂರಿನಲ್ಲಿ ಒಂದು ಶಾಲೆ. ಈಗಿನಂಥದ್ದಲ್ಲ ಬಿಡು. ಒಂದೇ ಕೋಣೆ, ನೆಲದ ಮೇಲೆ ಮರಳು, ಮರಳಿನಲ್ಲಿ ಬೆರಳಿನಿಂದ ಅಕ್ಷರ ತಿದ್ದಬೇಕು. ಮಕ್ಕಳು ಹದಿನಾಲ್ಕು, ಕಲಿಸುವ ಅಯ್ಯನವರು ಒಬ್ಬರೇ. ಅಲ್ಲಿ ಒಂದು ಪದ್ಧತಿ ಇತ್ತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೊಸಿಲು ದಾಟಿದವರ ಎಡ ಅಂಗೈ ಮೇಲೆ ಅಯ್ಯನವರು ಕೆಮ್ಮಣ್ಣಿನಲ್ಲಿ ಶ್ರೀ ಎಂದು ಬರೆಯುತ್ತಿದ್ದರು. ಎರಡನೆಯವರಿಗೆ ಸೊನ್ನೆ. ಮೂರನೆಯವರಿಗೆ ಬೆತ್ತದ ಏಟು ಒಂದು, ನಾಲ್ಕನೆಯವರಿಗೆ ಎರಡು. ಹೀಗೆ ಏರಿ ಏರಿ ಕೊನೆಯವರಿಗೆ ಹನ್ನೆರಡು. ಬಾರದೆ ಉಳಿದವರಿಗೆ ಮರುದಿನ ಇಪ್ಪತ್ತನಾಲ್ಕು. ಜ್ವರ ಬಂದಿತ್ತು, ಅಜ್ಜಿ ಸತ್ತಿದ್ದಳು, ಇಂಥ ಮಾತು ಅಯ್ಯನವರ ಕಿವಿಗೆ ಬೀಳುತ್ತಿರಲಿಲ್ಲ. ಅವರು ಕೆಟ್ಟವರಲ್ಲ. ನಿಯಮ ತಪ್ಪಿದರೆ ಊರೇ ಮುಳುಗುತ್ತದೆ ಎಂದು ನಂಬಿದವರು.

ದಿನವೂ ಶ್ರೀ ಪಡೆಯುತ್ತಿದ್ದವನು ಜವಳಿ ವ್ಯಾಪಾರಿಯ ಮಗ. ತನ್ನಂಥ ಚುರುಕು ಹುಡುಗ ಇನ್ನಿಲ್ಲ ಎಂದು ಅವನು ತಿಳಿದಿದ್ದ. ಅವನ ಮನೆಗೂ ಶಾಲೆಗೂ ನಡುವೆ ಇದ್ದದ್ದು ಒಂದು ಗೋಡೆ, ಅಷ್ಟೇ. ದಿನವೂ ಹನ್ನೆರಡು ತಿನ್ನುತ್ತಿದ್ದವಳು ಕುಂಬಾರನ ಮಗಳು. ಅವಳು ಎದ್ದು ಅಪ್ಪನಿಗೆ ಮಣ್ಣು ತುಳಿದುಕೊಟ್ಟು, ಆಮೇಲೆ ಕೆರೆ ಏರಿಯ ಉದ್ದಕ್ಕೂ ಓಡಿ ಬರಬೇಕು. ಎಷ್ಟು ಓಡಿದರೂ ಅಷ್ಟೇ.

ಮಧ್ಯಾಹ್ನ ಬಿಟ್ಟಾಗ ಮಕ್ಕಳೆಲ್ಲ ಅಂಗಳದ ಕಲ್ಲುಬಾನಿಯ ಸುತ್ತ ಕೂತು ಉರಿಯುವ ಕೈಗಳನ್ನು ನೀರಿನಲ್ಲಿ ಇಳಿಬಿಡುತ್ತಿದ್ದರು. ನಿನಗೆಷ್ಟು, ನನಗೇಳು ಎನ್ನುತ್ತಾ ಬಾಸುಂಡೆ ತೋರಿಸಿಕೊಳ್ಳುತ್ತಿದ್ದರು. ಅಳುತ್ತಾ ಕೂತವರು ನಗುತ್ತಾ ಏಳುತ್ತಿದ್ದರು. ಸೊನ್ನೆಯವನಿಗೂ ಅಲ್ಲಿ ಜಾಗವಿತ್ತು. ವ್ಯಾಪಾರಿಯ ಮಗ ಮಾತ್ರ ಮೆಟ್ಟಿಲ ಮೇಲೆ ಒಬ್ಬನೇ. ಅಂಗೈಯ ಶ್ರೀಯನ್ನು ಅಳಿಯದಂತೆ ಸಂಜೆ ಅವ್ವನಿಗೆ ತೋರಿಸಿದರೆ ಬೆಲ್ಲ ಸಿಗುತ್ತಿತ್ತು. ಹಾಗಾಗಿ ಅವನು ಎಡಗೈಯನ್ನು ನೀರಿಗೆ ಇಳಿಸುವಂತಿಲ್ಲ, ಗೋಲಿ ಹಿಡಿಯುವಂತಿಲ್ಲ, ಇನ್ನೊಬ್ಬರ ಹೆಗಲ ಮೇಲೆ ಹಾಕುವಂತಿಲ್ಲ. ದಿನವೆಲ್ಲ ಅಂಗೈ ಬಿಚ್ಚಿಕೊಂಡು ಕೂತಿರುತ್ತಿದ್ದ. ಬಾನಿಯ ಕಡೆಯಿಂದ ನಗು ಕೇಳಿದಾಗಲೆಲ್ಲ ಅವನಿಗೆ ಅಳು ಬರುತ್ತಿತ್ತು.

ಒಂದು ದಿನ ಅವನಿಗೆ ಒಂದು ಉಪಾಯ ಹೊಳೆಯಿತು. ಗೋಡೆಯ ಹಿಂದೆ ಅಡಗಿ ಕೂತು, ಎಲ್ಲರೂ ಒಳಗೆ ಹೋದ ಮೇಲೆ ಕೊನೆಯವನಾಗಿ ಹೋದ. ಹನ್ನೆರಡು ಏಟು ಬಿದ್ದವು. ಆದರೆ ದಿನವೂ ಶ್ರೀ ಪಡೆಯುವ ಹುಡುಗ ನೋಡು, ಅಯ್ಯನವರ ಬೆತ್ತಕ್ಕೂ ದಾಕ್ಷಿಣ್ಯ. ಅಂಗೈ ಕೆಂಪು ಕೂಡ ಆಗಲಿಲ್ಲ. ಮಧ್ಯಾಹ್ನ ಅವನು ಆಸೆಯಿಂದ ಬಾನಿಯ ಹತ್ತಿರ ಹೋಗಿ ಕೈ ತೋರಿಸಿದ. ಮಕ್ಕಳು ನೋಡಿ, ಇವನಿಗೆ ಬೆಣ್ಣೆಯಲ್ಲಿ ಹೊಡೆದಿದ್ದಾರೆ ಎಂದು ನಕ್ಕರು. ಒಬ್ಬರೂ ಸರಿದು ಜಾಗ ಕೊಡಲಿಲ್ಲ. ಅವನ ಮುಖ ಚಿಕ್ಕದಾಯಿತು.

ಮೆಟ್ಟಿಲಿಗೆ ಮರಳಿ ಬಂದು ಕೂತಾಗ ಕುಂಬಾರನ ಮಗಳು ಹತ್ತಿರ ಬಂದಳು. “ನೀನು ಕೊನೆಗೆ ಬಂದೆಯಲ್ಲ, ಇವತ್ತು ನನಗೆ ಒಂದು ಕಡಿಮೆ ಬಿತ್ತು” ಎಂದಳು. ಅಷ್ಟು ಹೇಳಿ ಓಡಿಹೋದಳು. ಆ ಶಾಲೆಯಲ್ಲಿ ಅವನ ಹತ್ತಿರ ತಾನಾಗಿ ಬಂದು ಯಾರಾದರೂ ಆಡಿದ ಮೊದಲ ಮಾತು ಅದು. ಹುಡುಗನಿಗೆ ನಾಚಿಕೆಯಾಯಿತು. ಅಡಗಿ ಕೂತಾಗ ಅವಳ ನೆನಪೇ ಅವನಿಗೆ ಇರಲಿಲ್ಲ.

ಕೆಲವು ದಿನ ಕಳೆಯಿತು. ಒಂದು ಸಂಜೆ ಅವನ ಅವ್ವ ಕುಂಬಾರರ ಕೇರಿಯಿಂದ ಹೊಸ ಮಡಕೆ ತಂದಳು. ಕುಂಬಾರನ ಮಗಳು ಇನ್ನೂ ಬಿಸಿ ಆರದ ಆವಿಗೆಯಿಂದ ಸುಟ್ಟ ಮಡಕೆ ತೆಗೆಯಲು ಹೋಗಿ ಎರಡೂ ಅಂಗೈ ಸುಟ್ಟುಕೊಂಡಿದ್ದಾಳೆ, ಪಾಪ ಎಂದಳು. ಹುಡುಗ ಆ ದಿನದ ಬೆಲ್ಲವನ್ನು ತಿನ್ನದೆ ಕೆಳಗಿಟ್ಟ. ನಾಳೆ ಅವಳು ಬಂದರೆ ಆ ಅಂಗೈಗೆ ಹನ್ನೆರಡು. ಬಾರದಿದ್ದರೆ ನಾಡಿದ್ದು ಇಪ್ಪತ್ತನಾಲ್ಕು.

ಬೆಳಿಗ್ಗೆ ಅವನು ಎಂದಿನಂತೆ ಎಲ್ಲರಿಗಿಂತ ಮೊದಲು ಬಂದ. ಆದರೆ ಹೊಸಿಲು ದಾಟಲಿಲ್ಲ. ಹೊರಗೇ ನಿಂತ.

ಎರಡನೆಯವನಾಗಿ ಬಂದವನು ಗಾಣಿಗನ ಮಗ. ನಾಲ್ಕು ವರ್ಷದಿಂದ ದಿನವೂ ಸೊನ್ನೆ ತೆಗೆದುಕೊಂಡು, ಒಂದೇ ಒಂದು ಶ್ರೀಗಾಗಿ ಬಾಯಿ ಬಾಯಿ ಬಿಡುತ್ತಿದ್ದವನು. ಬಾಗಿಲು ತೆರೆದಿದೆ, ಒಳಗೆ ಕೆಮ್ಮಣ್ಣು ಕಲಸಿ ಇಟ್ಟಿದೆ, ಶ್ರೀಯವನು ಹೊರಗೆ ನಿಂತಿದ್ದಾನೆ. ಯಾಕೆ ನಿಂತೆ ಎಂದು ಕೇಳಿದ. ವ್ಯಾಪಾರಿಯ ಮಗ ವಿಷಯ ಹೇಳಿದ. ಗಾಣಿಗನ ಮಗ ಒಂದು ಸಲ ಬಾಗಿಲನ್ನು ನೋಡಿದ, ಒಂದು ಸಲ ಕೆರೆ ಏರಿಯನ್ನು ನೋಡಿದ. ಆಮೇಲೆ ಒಂದು ನಿಟ್ಟುಸಿರು ಬಿಟ್ಟು ಪಕ್ಕದಲ್ಲಿ ನಿಂತ.

ಮೂರನೆಯವನು ಬಂದ, ನಿಂತ. ಓಡಿ ಬಂದವರೆಲ್ಲ ಓಟ ನಿಲ್ಲಿಸಿದರು. ಅಯ್ಯನವರು ಒಳಗಿನಿಂದ ಕೂಗಿದರು. ಯಾರೂ ಅಲುಗಲಿಲ್ಲ. ಬಿಸಿಲು ಅಂಗಳಕ್ಕೆ ಇಳಿದ ಮೇಲೆ ಕುಂಬಾರನ ಮಗಳು ಬಂದಳು. ಕೈಗೆ ಬಾಳೆಯ ಸುಳಿ ಎಲೆ ಸುತ್ತಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಯಾರೂ ಏನೂ ಕೇಳಲಿಲ್ಲ. ಕೈ ಹಿಡಿಯುವಂತಿರಲಿಲ್ಲ, ತೋಳು ಹಿಡಿದು ಅವಳನ್ನು ಮೊದಲು ಒಳಗೆ ಕಳಿಸಿದರು. ಅವಳ ಹಿಂದೆ ಒಬ್ಬೊಬ್ಬರಾಗಿ ಹೋದರು. ವ್ಯಾಪಾರಿಯ ಮಗ ಎಲ್ಲರಿಗಿಂತ ಹಿಂದೆ ಉಳಿದ.

ಅಯ್ಯನವರು ಬೆರಳಿಗೆ ಕೆಮ್ಮಣ್ಣು ಹಚ್ಚಿಕೊಂಡು ಕಾದಿದ್ದರು. ಮೊದಲು ಬಂದವಳ ಕೈಯಿಂದ ಎಲೆ ಬಿಡಿಸಿದರು. ಎರಡೂ ಅಂಗೈ ನೋಡಿದರು. ಶ್ರೀ ಬರೆಯಲು ಜಾಗವಿರಲಿಲ್ಲ. ಬೆರಳನ್ನು ಪಂಚೆಗೆ ಒರೆಸಿಕೊಂಡು, ಎಲೆಯನ್ನು ಮೊದಲಿನಂತೆಯೇ ಸುತ್ತಿದರು. ಗಾಣಿಗನ ಮಗನಿಗೆ ಮತ್ತೆ ಸೊನ್ನೆಯೇ ಗತಿ. ಉಳಿದವರಿಗೆ ನಿಯಮದಂತೆ ಏಟು. ಅಯ್ಯನವರಿಗೆ ತಮ್ಮ ಮೇಲೆ ಬಂದ ಸಿಟ್ಟು ಎಲ್ಲಿಯಾದರೂ ಇಳಿಯಬೇಕಲ್ಲ, ಕೊನೆಯ ಅಂಗೈ ಮೇಲೆ ಇಳಿಯಿತು. ಆ ದಿನ ಬೆಣ್ಣೆಯಲ್ಲಿ ಹೊಡೆಯಲಿಲ್ಲ.

ಮಧ್ಯಾಹ್ನ ಹುಡುಗ ಯಾರ ಕಡೆಗೂ ನೋಡದೆ ಮೆಟ್ಟಿಲಿಗೆ ಹೋದ. ಅಲ್ಲಿ ಕುಂಬಾರನ ಮಗಳು ಕೂತಿದ್ದಳು, ಮಕ್ಕಳು ತಮ್ಮ ತಮ್ಮ ಬುತ್ತಿಯಿಂದ ಅವಳಿಗೆ ಸರದಿಯಂತೆ ತುತ್ತು ಕೊಡುತ್ತಿದ್ದರು. ಅವನು ಏನು ಮಾಡಬೇಕೆಂದು ತಿಳಿಯದೆ ನಿಂತ.

“ನಿನಗೆಷ್ಟು?” ಎಂದು ಬಾನಿಯ ಹತ್ತಿರದಿಂದ ಗಾಣಿಗನ ಮಗ ಕೇಳಿದ.

“ಹನ್ನೆರಡು.”

ಗಾಣಿಗನ ಮಗ ಪಕ್ಕಕ್ಕೆ ಸರಿದ. ಹುಡುಗ ಹೋಗಿ ಕೂತು ಕೈ ನೀರಿಗೆ ಬಿಟ್ಟ.

ಮರುದಿನ ಪದ್ಧತಿ ಬದಲಾಯಿತು ಎಂದುಕೊಳ್ಳಬೇಡ. ಕುಂಬಾರನ ಮಗಳ ಕೈ ಮಾಯುವ ತನಕ ಮಕ್ಕಳು ದಿನವೂ ಹೊರಗೆ ಕಾದರು, ಅಯ್ಯನವರು ದಿನವೂ ಕಾಣದವರಂತೆ ಇದ್ದರು. ಆಮೇಲೆ ಮತ್ತೆ ಅದೇ ಶ್ರೀ, ಅದೇ ಸೊನ್ನೆ, ಅದೇ ಹನ್ನೆರಡು. ಆದರೆ ವ್ಯಾಪಾರಿಯ ಮಗನ ಶ್ರೀ ಮಧ್ಯಾಹ್ನವೇ ಬಾನಿಯಲ್ಲಿ ತೊಳೆದು ಹೋಗುತ್ತಿತ್ತು. ಅವನು ಬೆಲ್ಲದ ಆಸೆ ಬಿಟ್ಟ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕಣ್ಣು ಒರೆಸಿಕೊಂಡು, ಕತೆ ಬಹಳ ಚೆನ್ನಾಗಿದೆ, ನನಗೆ ಅರ್ಥವಾಯಿತು ಎಂದ. ಗುರುಗಳು ಸಿಪ್ಪೆಯನ್ನು ಒಟ್ಟುಮಾಡಿ ದನಗಳಿಗೆಂದು ಬುಟ್ಟಿಗೆ ತುಂಬಿದರು. ಆಗ ಮೊದಲ ಬಾರಿಗೆ ತಲೆ ಎತ್ತಿ ಅವನನ್ನು ನೋಡಿದರು.

“ದಿನಾ ಪ್ರಾರ್ಥನೆಯ ಹೊತ್ತಿಗೆ ನಮ್ಮ ಬಾಗಿಲ ಹೊರಗೆ ನಿಲ್ಲುತ್ತಾನಲ್ಲ, ಅವನ ಹೆಸರೇನು?”

ಶಿಷ್ಯನಿಗೆ ಗೊತ್ತಿರಲಿಲ್ಲ.