ಬ್ಯಾನರ್‌ಗೆ ಬಿದ್ದ ಹಾರ

ಬುದ್ಧಿ ಅಂದ್ರೆ ನಮ್ಮೂರೋರದ್ದು ಕಣ್ರಪ್ಪ, ಕೇಳಿ. ಸೀರೆ ಅಂಗಡಿ ಗುರುಸಿದ್ದಪ್ಪ ತನ್ನ ಮುಖ ಹಾಕ್ಸಿ ಆಳೆತ್ತರದ ಬ್ಯಾನರ್ ಮಾಡಿಸ್ದ. ತಂದು ಕಟ್ಸಿದ್ದು ಬಸ್‌ಸ್ಟ್ಯಾಂಡಲ್ಲಿ, ಚಿಕ್ಕತಾಯಮ್ಮನ ಇಡ್ಲಿ ಗಾಡಿಗೆ ಅಡ್ಡ. ಗಾಡಿ ಇರೋದೇ ಜನಕ್ಕೆ ಕಾಣದಂಗಾಯ್ತು.

"ಯಜಮಾನ್ರೇ, ಒಂದು ಮಾರು ಆಚೆ ಕಟ್ಸಿ. ನನ್ನ ಹೊಟ್ಟೆಪಾಡು ಇದೇ ಅಲ್ವಾ" ಅಂದ್ಲು ಅವಳು.

"ಜನ ನನ್ನ ಮುಖ ನೋಡ್ಲಿ ಬುಡು. ಬ್ಯಾನರ್ ಮುಟ್ಟಿದ್ರೆ ಗಾಡಿ ಎತ್ತಿಸ್ಬುಡ್ತೀನಿ."

"ಆಯ್ತು. ಕೈ ಮುಗೀಬೌದಾ?"

"ಮುಗಿ, ಮುಗಿ" ಅಂದ.

ಮಾರನೆ ಬೆಳಿಗ್ಗೆ ಮಂಜು ಕವುಚ್ಕೊಂಡಿತ್ತು. ಗುರುಸಿದ್ದಪ್ಪ ಬಸ್‌ಸ್ಟ್ಯಾಂಡಿಗೆ ಬಂದ. ದಿನಾ ನಮಸ್ಕಾರ ಹೊಡೆಯೋ ಕಂಡಕ್ಟರ್ ಇವನನ್ನ ನೋಡಿ ಬಸ್ಸಿನ ಬಾಗಿಲು ಹಾಕ್ಕೊಂಡ. ಮುದುಕಿಯೊಬ್ಬಳು ಇವನ ಪಾದ ಹಿಂದುಮುಂದಾಗಿದ್ಯಾ ಅಂತ ಬಗ್ಗಿ ನೋಡಿದ್ಲು. ಗುರುಸಿದ್ದಪ್ಪನೂ ಒಂದು ಸಲ ನೋಡ್ಕೊಂಡ.

ಆಮೇಲೆ ಮಂಜಲ್ಲಿ ಬ್ಯಾನರ್ ಕಾಣಿಸ್ತು. ಅವನ ಮುಖಕ್ಕೆ ಚೆಂಡು ಹೂವಿನ ಹಾರ. ಕೆಳಗೆ ಎಣ್ಣೆ ದೀಪ, ಎಲೆ ಮೇಲೆ ಎರಡು ಇಡ್ಲಿ. ಸುತ್ತ ಜನ ಚಪ್ಪಲಿ ಬಿಟ್ಟು ನಿಂತು, "ಮೊನ್ನೆ ತಾನೆ ಚೆನ್ನಾಗಿದ್ರು" ಅಂತ ಪಿಸುಗುಟ್ತಿದ್ರು.

"ಏನಮ್ಮಿ ಇದು?" ಅಂತ ಚಿಕ್ಕತಾಯಮ್ಮನ ಕಡೆ ತಿರುಗಿದ.

"ನೀವೇ ಮುಗಿ ಅಂದ್ರಲ್ಲ ಯಜಮಾನ್ರೇ. ಬರಿಗೈಲಿ ಹೆಂಗೆ ಮುಗಿಯೋದು? ಬ್ಯಾನರ್ ಇರೋಗಂಟ ದಿನಾ ಎಡೆ ಇಡ್ತೀನಿ."

ಅಷ್ಟ್ರಲ್ಲಿ ಒಂದು ಕಾಗೆ ಇಳೀತು. ಬ್ಯಾನರ್ ನೋಡ್ತು. ಗುರುಸಿದ್ದಪ್ಪನ್ನ ನೋಡ್ತು. ಇಡ್ಲಿ ಕುಕ್ಕಿ ತಿಂತು.

"ಕಾಗೆ ಮುಟ್ತು. ಆತ್ಮಕ್ಕೆ ಶಾಂತಿ ಆಯ್ತು" ಅಂತ ಯಾರೋ ಕಣ್ಣೊರೆಸ್ಕೊಂಡ್ರು.

ಗುರುಸಿದ್ದಪ್ಪ ಆಳಿಗೂ ಕಾಯ್ಲಿಲ್ಲ. ಪಂಚೆ ಎತ್ತಿ ಕಟ್ಟಿ, ತಾನೇ ಕಂಬ ಹತ್ತಿ ಹಗ್ಗ ಬಿಚ್ಚೋಕೆ ನಿಂತ.

ಚಿಕ್ಕತಾಯಮ್ಮ ಕೆಳಗಿಂದ ಕೂಗಿದ್ಲು: "ಹುಷಾರು ಯಜಮಾನ್ರೇ. ಬಿದ್ದುಗಿದ್ದೀರಿ, ಆಮೇಲೆ ನಿಜ ಆಗ್ಬುಡ್ತದೆ."