ಅಪ್ಪನ ಸಂಕ

ಕುಂದಾಪುರದ ಬಡಗಣ ಕಡಲಲ್ಲಿ, ದಡದಿಂದ ದೋಣಿಯಲ್ಲಿ ಅರ್ಧ ಗಂಟೆಯ ದಾರಿಗೆ, ನೀರಿನ ನಡುವೆ ಒಂದು ಕರಿಯ ಬಂಡೆಯಿದೆ. ಅದರ ಹೆಸರು ಅಪ್ಪನ ಸಂಕ. ಸಂಕವೆಂದರೆ ಇಲ್ಲಿಯವರು ತೋಡು ದಾಟಲು ಹಾಕಿಕೊಳ್ಳುವ ಕಾಲುಸೇತುವೆ. ಈ ಸಂಕಕ್ಕೆ ಮಾತ್ರ ಆಚೆ ದಡವೇ ಕಾಣದು. ಬಂಡೆಯ ತುಂಬ ಆರು ಮೂಲೆಯ ಕಲ್ಲುಕಂಬಗಳು, ಕೆಲವು ನಿಂತು, ಕೆಲವು ಮಲಗಿ, ಬೆರಳು ತೂರದಷ್ಟು ಬಿಗಿಯಾಗಿ ಒಂದಕ್ಕೊಂದು ಒತ್ತಿಕೊಂಡಿವೆ. ಒಂದಾಗಿದ್ದ ನೆಲ ಎರಡು ಕಡೆಗೆ ಜಗ್ಗಿ ಬಿರಿಯಿತು, ಬಿರುಕಿನಿಂದ ಒಳಗಿನ ಬೆಂಕಿ ಉಕ್ಕಿತು, ಅದು ತಣಿದು ಕುಗ್ಗುವಾಗ ಹೀಗೆ ಕಂಬಕಂಬವಾಗಿ ಸೀಳಿತು, ಆಚೆಗೆ ಸರಿದ ಪಾಲೇ ಇಂದಿನ ಮಡಗಾಸ್ಕರ್ ಎಂದು ಭೂವಿಜ್ಞಾನ ಓದಿದವರು ಹೇಳುತ್ತಾರೆ. ಊರಿನ ಹಿರಿಯರು ತಲೆದೂಗುತ್ತಾರೆ. ಅದೆಲ್ಲ ನಿಜವೇ, ಆದರೆ ಆಚೆ ದಡದಲ್ಲಿ ಯಾರಿದ್ದರೆಂದು ಅವರ ಪುಸ್ತಕದಲ್ಲಿ ಬರೆದಿಲ್ಲ ಎನ್ನುತ್ತಾರೆ.

ಹಿಂದೆ ಒಮ್ಮೆ, ಇಲ್ಲಿ ಕಡಲೇ ಇರದ ಕಾಲದಲ್ಲಿ, ದುಗ್ಗಪ್ಪನೆಂಬ ಸೌದೆಯವನಿದ್ದನಂತೆ. ಮರ ಕಡಿದು, ಸೀಳಿ, ಒಟ್ಟುವುದು ಅವನ ಕಸುಬು. ಅವನ ಒಟ್ಟಿಲು ಮಳೆಗೂ ಜರಿಯದು, ಆನೆ ಒರಗಿದರೂ ಜಗ್ಗದು. ಅವನ ಹಠವೂ ಹಾಗೆಯೇ. ಒಬ್ಬಳೇ ಮಗಳು ಅಕ್ಕಣಿಯನ್ನು ಪಡುವಣ ಊರಿಗೆ ಕೊಟ್ಟ. ಮದುವೆಯ ಊಟದ ಹೊತ್ತಿಗೆ ಗಂಡಿನ ಸೋದರಮಾವ ಒಲೆಯ ಬಳಿಯ ಸೌದೆಯನ್ನು ನೋಡಿ, “ಬೀಗ್ರ್ ಒಟ್ಟಿಲ್ ನಮ್ ಬದಿಗೇ ವಾಲಿತ್ತ್ ಕಾಣಿ! ಮಗ್ಳ್ ಹಿಂದೇ ಹೊರಟಾಂಗಿತ್ತ್!” ಎಂದು ತಮಾಷೆ ಮಾಡಿದ. ಪಂಕ್ತಿಯೆಲ್ಲ ನಕ್ಕಿತು, ನಗಲಾರದವನು ದುಗ್ಗಪ್ಪನೊಬ್ಬನೇ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವವರೆಗೆ ನಿಮ್ಮ ಹೊಸ್ತಿಲು ತುಳಿಯುವುದಿಲ್ಲ ಎಂದು ಎಲೆ ಬಿಟ್ಟು ಎದ್ದ. ಮದುವೆಯಾದ ಹೆಣ್ಣು ತವರಿನ ಗಂಡಸರು ಕರೆಯದೆ ತವರಿಗೆ ಬಂದರೆ ಎರಡೂ ಮನೆಗೆ ಕೇಡು ಎಂಬುದು ಆ ಕಾಲದ ಕಟ್ಟಳೆ. ಅಕ್ಕಣಿಗೆ ಅಣ್ಣತಮ್ಮಂದಿರಿರಲಿಲ್ಲ. ಕರೆಯಬೇಕಾದವನು ಅಪ್ಪನೊಬ್ಬನೇ.

ಆ ವರ್ಷವೇ ಎರಡೂರಿನ ನಡುವೆ ನೆಲ ಬಿರಿಯತೊಡಗಿತು. ಮೊದಲು ಇರುವೆ ಸಾಲಿನಷ್ಟು, ಆಮೇಲೆ ಗೇಣಗಲ. ಒಳಗಿನಿಂದ ಬಿಸಿ ಹಬೆ ಏಳುತ್ತಿತ್ತು. ಬಾಣಂತನಕ್ಕೆ ತವರು ಸೇರಬೇಕಾದ ಚೊಚ್ಚಲ ಬಸುರಿ ಅಕ್ಕಣಿ ಒಂದು ದಿನ ಆಚೆ ಅಂಚಿಗೆ ಬಂದು ನಿಂತಳು. ದುಗ್ಗಪ್ಪ ಈಚೆ ಸೌದೆ ಒಟ್ಟುತ್ತಿದ್ದ.

“ಅಪ್ಪಯ್ಯಾ, ಒಂದೇ ಹೆಜ್ಜಿ. ಬಾ ಮಗಾ ಅಂದ್ರೆ ಸಾಕ್, ದಾಟಿ ಬತ್ತೆ,” ಎಂದಳು.

ಬಾ ಎಂಬ ಮಾತು ದುಗ್ಗಪ್ಪನ ಗಂಟಲವರೆಗೂ ಬಂದಿತ್ತು. ಆದರೆ ಈಗ ಕರೆದರೆ ಆ ಪಂಕ್ತಿಯ ನಗುವಿಗೆ ತಲೆಬಾಗಿದಂತಾಗುತ್ತದೆ ಎಂದು ತೋರಿತು. ತಲೆಯೆತ್ತದೆ ಇನ್ನೊಂದು ಕೊರಡು ಎತ್ತಿಟ್ಟ. ಅವಳು ಬಿಸಿಲಿಳಿಯುವವರೆಗೂ ನಿಂತಿದ್ದು ಹಿಂದಿರುಗಿದಳು. ಅಂದು ಅವನ ಹೆಂಡತಿ ಚಿಕ್ಕು ಅನ್ನ ಮುಟ್ಟದೆ ಅತ್ತಳು. “ನೀವ್ ಹಠ ಹಿಡ್ದ್ರೆ ನೆಲ ಕಾಯತ್ತಾ?” ಎಂದಳು. ಒಂದು ಗೇಣಿನ ಬಿರುಕು ತಾನೇ, ನಾಳೆ ಕರೆದರಾಯಿತು ಎಂದುಕೊಂಡ ದುಗ್ಗಪ್ಪ.

ಬಿರುಕು ಉಗುರು ಬೆಳೆಯುವಷ್ಟು ಮೆಲ್ಲಗೆ, ಆದರೆ ಒಂದು ದಿನವೂ ಬಿಡದೆ ಅಗಲವಾಯಿತು. ಎರಡೂ ಕೈಯಿಂದ ಎಳೆದ ರೊಟ್ಟಿ ಹಿಟ್ಟಿನಂತೆ ಬಿರುಕಿನ ತಳದ ನೆಲ ತೆಳ್ಳಗಾಗುತ್ತ ಬಂತು. ಒಂದು ಬೆಳಿಗ್ಗೆ ಅದು ಹರಿದೇಹೋಗಿ, ಎರಡೂ ಅಂಚು ಮಾರುದೂರ ಸರಿದವು. ಅಡಿಯ ಬೆಂಕಿ ಕೊತಕೊತನೆ ಉಕ್ಕಿತು. ಆಚೆ ಅಂಚಿನಲ್ಲಿ ಅಕ್ಕಣಿ ಕೂಸನ್ನೆತ್ತಿಕೊಂಡು ನಿಂತಿದ್ದಳು. ದುಗ್ಗಪ್ಪ ಮೊಮ್ಮಗುವನ್ನು ಕಂಡದ್ದು ಅದೇ ಮೊದಲು. ಹಠ, ಅವಮಾನ ಎಲ್ಲ ಎಲ್ಲಿ ಹೋದವೋ, “ಬಾ ಮಗಾ, ಬಾ!” ಎಂದು ಕಿರುಚಿದ. ಆದರೆ ಈಗ ಹೆಜ್ಜೆ ಸಾಲದು, ಸಂಕವೇ ಬೇಕು. ಸೌದೆಯವನಿಗೆ ಸೌದೆಯಲ್ಲದೆ ಬೇರೇನು ಗೊತ್ತು? ಬದುಕಿಡೀ ಕೂಡಿಸಿದ್ದನ್ನೆಲ್ಲ ಹೊತ್ತು ತಂದು ಆ ಬೆಂಕಿಯ ಮೇಲೆ ಒಟ್ಟತೊಡಗಿದ. ಬೆಂಕಿ ದಾಟಲು ಸೌದೆಯ ಸಂಕ! ಊರವರು ಕೈಹಿಡಿದು ಎಳೆದರು, ಕೇಳಲಿಲ್ಲ. ಒಂದು ಸಾಲು ಉರಿದು ಕುಸಿದರೆ ಇನ್ನೊಂದು ಸಾಲು ಇಟ್ಟ. ಒಟ್ಟಿದಷ್ಟೂ ಆಚೆ ದಡ ದೂರ ಸರಿಯಿತು. ಕೊನೆಗೆ ತೆಂಕಲಿಂದ ಕಡಲು ನುಗ್ಗಿ ಬಿರುಕಿಗೆ ಸುರಿದಾಗ, ಬೆಂಕಿ ಕುಡಿದ ಸೌದೆ ಒಟ್ಟಿದ್ದಂತೆಯೇ ಕಲ್ಲಾಯಿತು. ಆ ಸಂಕದ ತುದಿಯಲ್ಲಿ ದುಗ್ಗಪ್ಪ ಮಗಳನ್ನು ಕರೆಯುತ್ತಲೇ ಇದ್ದನೆಂದೂ ಮತ್ತೆ ಅವನನ್ನು ಯಾರೂ ಕಾಣಲಿಲ್ಲವೆಂದೂ ಹೇಳುತ್ತಾರೆ.

ಇಂದಿಗೂ ಬಂಡೆಯ ಪಡುವಣ ತುದಿಯಲ್ಲಿ ಕಂಬಗಳು ಒಮ್ಮೆಲೇ ಮುಗಿದು, ಮುಂದೆ ಬರಿಯ ನೀರು. ಬಂದವರು ಅಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಕೆಲವು ವರ್ಷಗಳ ಹಿಂದೆ ಕಾಲೇಜಿನ ಮೇಡಂ ಒಬ್ಬರು ಅಲ್ಲಿಯೇ ನಿಂತು, ಮಡಗಾಸ್ಕರಿನ ಮೂಡಣ ಕರಾವಳಿಯಲ್ಲೂ ಇದೇ ಕಾಲದಲ್ಲಿ ಬೆಂಕಿ ಉಕ್ಕಿ ಕಲ್ಲಾದ ಇಂಥವೇ ಬಂಡೆಗಳಿವೆ ಎಂದು ವಿದ್ಯಾರ್ಥಿಗಳಿಗೆ ವಿವರಿಸುತ್ತಿದ್ದರು. ದೋಣಿಯ ಹಗ್ಗ ಬಿಗಿಯುತ್ತಿದ್ದ ಬಾಬಣ್ಣ, ಎಪ್ಪತ್ತು ದಾಟಿದವನು, ತಿರುಗಿ ನೋಡಿದ.

“ಆಚಿ ಬದಿಯಗೂ ಇತ್ತಾ ಮೇಡಂ?”

“ಇದೆ ಅಜ್ಜ. ಇದರದೇ ವಯಸ್ಸು.”

ಅವನು ಹಗ್ಗ ಬಿಟ್ಟು ಕಲ್ಲಿನ ಮೇಲೆ ಕೂತುಬಿಟ್ಟ. ಪಡುವಣ ನೀರಿನ ಕಡೆ ತಿರುಗಿ, ತೋಳಿನಿಂದ ಕಣ್ಣೊರೆಸಿಕೊಂಡ.

“ಹಂಗಾರೆ ಅಕ್ಕಣಿಯೂ ಆಚಿಂದ ಒಟ್ತಾ ಬಂದಿದ್ಳ್,” ಎಂದ.